ಹೈಸ್ಕೂಲ್ ಮಕ್ಕಳ ಕೈಲಿ ವಿಜ್ಞಾನದ ವಿಡಿಯೊ ಮಾಡಿಸಬೇಕು, ಎಲ್ಲಿಂದ ಶುರು ಮಾಡಲಿ?

ಬ್ಯಾಡಗಿ ಕಡೆಯ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬ್ಯಾಡಗಿ ಪೇಟೆ ನಮಗೆ ಹತ್ತಿರ. ಒಂಬತ್ತು, ಹತ್ತನೇ ತರಗತಿಯ ಕೆಲವು ಮಕ್ಕಳು ‘ಟೀಚರ್, ವಿಜ್ಞಾನದ ಚಾನೆಲ್ ಮಾಡೋಣ’ ಅಂತ ಹಿಂದೆ ಬಿದ್ದಿದ್ದಾರೆ. ನನಗೂ ಆಸೆ ಇದೆ. ಮನೆಗೆ ಹೋದ ಮೇಲೆ ಹೇಗೂ ಮೊಬೈಲ್ ಹಿಡಿಯುತ್ತಾರೆ. ಬರೀ ನೋಡುವುದರ ಬದಲು ಏನಾದರೂ ಮಾಡಲಿ ಅಂತ.

ಒಂದು ವಿಡಿಯೊ ಅವರೇ ಮಾಡಿಕೊಂಡು ಬಂದರು. ವಿಷಯ ಕಪ್ಪು ಕುಳಿ (ಬ್ಲ್ಯಾಕ್ ಹೋಲ್). ಹುಡುಗಿ ಗೋಡೆ ಮುಂದೆ ನೆಟ್ಟಗೆ ನಿಂತು, ‘ನಮಸ್ಕಾರ ವೀಕ್ಷಕರೇ’ ಅಂತ ಶುರು ಮಾಡಿ, ಇಂಟರ್ನೆಟ್ಟಿನಿಂದ ಬರೆದುಕೊಂಡಿದ್ದನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ್ದಾಳೆ. ಹಿಂದೆ ದೊಡ್ಡದಾಗಿ ಮ್ಯೂಸಿಕ್. ‘ಇದರಲ್ಲಿ ನಿನಗೆ ಅರ್ಥವಾಗದ್ದು ಯಾವುದು?’ ಅಂತ ಕೇಳಿದೆ. ಉತ್ತರ ಬರಲಿಲ್ಲ. ಅದೇ ಹುಡುಗಿ ಊಟದ ಹೊತ್ತಿನಲ್ಲಿ ಗೆಳತಿಯರಿಗೆ ಅವರಮ್ಮ ಮೆಣಸಿನಕಾಯಿ ಆರಿಸುವುದನ್ನು ಹೇಳುತ್ತಿದ್ದಳು. ಯಾವುದು ಒಳಗೆ ಬೂಸ್ಟು ಹಿಡಿದಿದೆ, ಯಾವುದು ಸರಿಯಾಗಿ ಒಣಗಿದೆ ಅಂತ ಕೈಯಲ್ಲಿ ಅಲುಗಾಡಿಸಿ, ಸದ್ದು ಕೇಳಿಯೇ ಹೇಳುತ್ತಾರಂತೆ. ಎಷ್ಟು ಚೆನ್ನಾಗಿ ಹೇಳಿದಳು ಅಂದರೆ ನಾನೂ ನಿಂತು ಕೇಳಿದೆ. ಕ್ಯಾಮೆರಾ ಮುಂದೆ ಆ ಮಾತು ಯಾಕೆ ಬರಲಿಲ್ಲ ಅನ್ನೋದೇ ನನ್ನ ತಲೆಯಲ್ಲಿ ಉಳಿದಿದೆ.

ನನ್ನ ಪ್ರಶ್ನೆಗಳು ಇವು. ಎಂಥ ವಿಷಯ ಕೊಡಬೇಕು? ಒಳ್ಳೆ ಕ್ಯಾಮೆರಾ, ಮೈಕ್ ಇಲ್ಲ. ನನ್ನ ಫೋನು, ಕೆಲವು ಮಕ್ಕಳ ಮನೆಯವರ ಫೋನು, ಅಷ್ಟೇ. ಹೆಣ್ಣುಮಕ್ಕಳ ಮುಖ ಇಂಟರ್ನೆಟ್ಟಿಗೆ ಹಾಕೋಕೆ ಮನೆಯವರು ಒಪ್ಪುವುದಿಲ್ಲ, ಅದು ನನಗೂ ಸರಿ ಅನಿಸುತ್ತದೆ. ಹೆಡ್‌ಮಾಸ್ಟರ್ ಒಳ್ಳೆಯವರೇ, ಆದರೆ ‘ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡ್ಕೊಂಡು ಮಾಡಿ’ ಅಂದಿದ್ದಾರೆ. ಶಾಲೆಯಲ್ಲಿ ಮಾಡಿಸಿ ಅನುಭವ ಇದ್ದವರು ದಯವಿಟ್ಟು ಹೇಳಿ.

ದಾವಣಗೆರೆ ಪೋಷಕ ಬರೆದದ್ದು:

ಮೇಡಂ, ನಾನು ಶಿಕ್ಷಕ ಅಲ್ಲ, ಹತ್ತನೇ ತರಗತಿಯ ಹುಡುಗನ ಅಪ್ಪ. ಮಕ್ಕಳು ವಿಡಿಯೊ ಮಾಡಲಿ, ನನ್ನ ತಕರಾರಿಲ್ಲ. ಆದರೆ ಚಾನೆಲ್ ಮಗುವಿನ ಹೆಸರಲ್ಲಿ, ಮಗುವಿನ ಫೋನಲ್ಲಿ ಇರಬಾರದು. ನಮ್ಮ ಹುಡುಗ ಮಾಡೋದು ಎರಡು ನಿಮಿಷದ ವಿಡಿಯೊ. ಆಮೇಲೆ ಎಷ್ಟು ವ್ಯೂಸ್ ಬಂತು ಅಂತ ಮಲಗುವವರೆಗೂ ತೆಗೆದು ತೆಗೆದು ನೋಡುತ್ತಾನೆ. ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಅದೇ. ಕಮ್ಮಿ ಬಂದರೆ ಊಟ ಸೇರುವುದಿಲ್ಲ. ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ವ್ಯೂಸ್ ಲೆಕ್ಕ ಮಕ್ಕಳಿಗೆ ಕಾಣದ ಹಾಗೆ ನೋಡಿಕೊಳ್ಳಿ. ಇಷ್ಟು ಮಾಡಿದರೆ ನನ್ನಂಥ ಪೋಷಕರು ನಿಮ್ಮ ಜೊತೆಗೇ ಇರುತ್ತೇವೆ.

ಶಿರಸಿ ಮೇಷ್ಟ್ರು ಬರೆದದ್ದು:

ಟೀಚರ್, ಕಪ್ಪು ಕುಳಿ ಬಿಡಿ, ಮೆಣಸಿನಕಾಯಿ ಹಿಡಿಯಿರಿ. ಆ ಹುಡುಗಿಗೆ ಮಾತು ಬರುತ್ತದೆ. ಗೊತ್ತಿಲ್ಲದ ವಿಷಯದಲ್ಲಿ ಬರಲಿಲ್ಲ, ಅಷ್ಟೇ. ದೊಡ್ಡವರಿಗೂ ಬರಲ್ಲ ಅಲ್ವಾ?

ನಮ್ಮ ಶಾಲೆಯ ಮಕ್ಕಳು ಕೆಲವು ವರ್ಷದಿಂದ ಸಣ್ಣ ಸಣ್ಣ ವಿಡಿಯೊ ಮಾಡುತ್ತಿದ್ದಾರೆ. ಅದರಲ್ಲಿ ಒಂದರ ಕಥೆ ಪೂರ್ತಿ ಹೇಳುತ್ತೇನೆ. ನನ್ನ ಮಟ್ಟಿಗೆ ಎಲ್ಲ ಉತ್ತರವೂ ಅದರೊಳಗೇ ಇದೆ.

ನಮ್ಮ ಕಡೆ ಮಳೆಗಾಲ ಅಂದರೆ ಅಡಿಕೆಗೆ ಕೊಳೆ ರೋಗದ ಭಯ. ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಬೇಕು. ಆಮೇಲೆ 40–45 ದಿನಕ್ಕೆ, ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ. 1 ಕೆಜಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ತೋಟ ಇರುವ ಮನೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಗೊತ್ತಿರುತ್ತದೆ.

ಹತ್ತನೇ ತರಗತಿ ವಿಜ್ಞಾನದ ಮೊದಲ ಪಾಠ ರಾಸಾಯನಿಕ ಕ್ರಿಯೆಗಳು. ನಿಮಗೆ ಗೊತ್ತೇ ಇದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬಿಸಿಯಾಗುತ್ತದೆ, ಅದು ಸಂಯೋಗ ಕ್ರಿಯೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಮೊಳೆ ಕಂದು ಬಣ್ಣಕ್ಕೆ ತಿರುಗುತ್ತದೆ, ಅದು ಸ್ಥಾನಪಲ್ಲಟ ಕ್ರಿಯೆ. ಆ ಪಾಠ ಮಾಡುವಾಗ ಒಬ್ಬ ಹುಡುಗ ಕೈ ಎತ್ತಿದ. ‘ಸಾರ್, ನಮ್ಮಜ್ಜ ಬೋರ್ಡೋ ಮಾಡಿದ ಮೇಲೆ ಚಾಕು ಅದ್ದಿ ನೋಡ್ತಾರೆ. ಚಾಕು ಕೆಂಪಾದ್ರೆ ಸುಣ್ಣ ಸಾಲ್ಲಿಲ್ಲ ಅಂತಾರೆ. ಇದು ಅದೇ ಅಲ್ವಾ?’

ಅದೇ. ಪೂರ್ತಿ ಅದೇ. ಡ್ರಮ್ಮಿನೊಳಗೆ ಮೈಲುತುತ್ತ ಮತ್ತು ಸುಣ್ಣ ಸೇರಿದಾಗ ಆಗುವುದು ದ್ವಿಸ್ಥಾನಪಲ್ಲಟ, ಅಂದರೆ ಎರಡೂ ತಮ್ಮ ಭಾಗಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ತಾಮ್ರ ಹೋಗಿ ನೀರಿನಲ್ಲಿ ಕರಗದ ತಾಮ್ರದ ಹೈಡ್ರಾಕ್ಸೈಡ್ ಆಗುತ್ತದೆ. ಆ ತಿಳಿ ನೀಲಿ ಬಣ್ಣ ಅದರದ್ದು. ಸುಣ್ಣ ಕಮ್ಮಿ ಆದರೆ ಸ್ವಲ್ಪ ತಾಮ್ರ ಕರಗಿದ ರೂಪದಲ್ಲೇ ಉಳಿದುಬಿಡುತ್ತದೆ. ಕಬ್ಬಿಣದ ಚಾಕು ಒಳಗೆ ಹೋದಾಗ ಕಬ್ಬಿಣ ಕರಗಿ, ತಾಮ್ರ ಬಂದು ಚಾಕುವಿನ ಮೇಲೆ ಕೂರುತ್ತದೆ. ಹಾಗೆ ಉಳಿದ ತಾಮ್ರವೇ ಎಳೆಯ ಕಾಯಿ, ಎಲೆಯನ್ನು ಸುಡುವುದು. ಅಜ್ಜ ಪ್ರತಿ ವರ್ಷ ಮಾಡುತ್ತಿದ್ದದ್ದು ನಮ್ಮ ಪಾಠದ ಪ್ರಯೋಗ. ಸುಟ್ಟ ಸುಣ್ಣಕ್ಕೆ ನೀರು ಹಾಕುವುದೂ ಸೇರಿದರೆ ಒಂದೇ ಕೆಲಸದಲ್ಲಿ ಮೂರು ಬಗೆಯ ಕ್ರಿಯೆ.

ವಿಡಿಯೊ ಮಾಡಿದ್ದು ಅವನ ಮನೆ ಅಂಗಳದಲ್ಲೇ. ಇಟ್ಟಿಗೆ ಜೋಡಿಸಿ ಫೋನ್ ನಿಲ್ಲಿಸಿದರು. ಯಾರ ಮುಖವೂ ಇಲ್ಲ. ಕಾಣುವುದು ಅಜ್ಜನ ಕೈ, ಡ್ರಮ್ಮು, ಚಾಕು. ಮೈಲುತುತ್ತ ವಿಷ, ಹಾಗಾಗಿ ಕರಗಿಸುವುದು, ಸುರಿಯುವುದು ಎಲ್ಲ ದೊಡ್ಡವರೇ, ಕೈಗವಸು ಹಾಕಿಕೊಂಡು. ಮಕ್ಕಳು ಎರಡು ಚಿಕ್ಕ ಪ್ಲಾಸ್ಟಿಕ್ ಬಕೆಟ್ ಕೇಳಿ ಇಡಿಸಿದರು. ಒಂದರಲ್ಲಿ ಸುಣ್ಣ ಸರಿಯಾಗಿ, ಇನ್ನೊಂದರಲ್ಲಿ ಬೇಕಂತಲೇ ಕಮ್ಮಿ. ಒಂದೇ ಚಾಕುವನ್ನು ಉಜ್ಜಿ ಹೊಳಪು ಮಾಡಿ ಮೊದಲು ಒಂದಕ್ಕೆ ಅದ್ದಿದರು. ಹೊಳೆಯುತ್ತಲೇ ಹೊರಗೆ ಬಂತು. ಇನ್ನೊಂದಕ್ಕೆ ಅದ್ದಿದಾಗ ಅಂಚಿನಿಂದ ನಿಧಾನವಾಗಿ ಕೆಂಪು ಹತ್ತಿತು. ಚಾಕು ಒಳಗೆ ಹೋದಾಗಿನಿಂದ ಹೊರಗೆ ಬರುವವರೆಗೆ ಎಲ್ಲೂ ಕಟ್ ಮಾಡಬೇಡಿ ಅಂತ ಹೇಳಿದ್ದೆ. ಇದೊಂದು ಮಾತು ದಯವಿಟ್ಟು ನಿಮ್ಮ ಮಕ್ಕಳಿಗೂ ಹೇಳಿ. ಮುಖ್ಯ ಘಟನೆ ನಡೆಯುವಾಗ ವಿಡಿಯೊ ತುಂಡಾದರೆ ನೋಡುವವರು ನಂಬಬೇಕಾದ ಕಾರಣವೇ ಇಲ್ಲ. ಬೇಸರ ಆಗುತ್ತದೆ, ಉದ್ದ ಆಗುತ್ತದೆ ಅಂತ ಮಕ್ಕಳು ಗೊಣಗುತ್ತಾರೆ. ಆಗಲಿ.

ಮಾತೂ ಹಾಗೇ. ಬರೆದುಕೊಂಡು ಓದಬೇಡಿ, ಮನೆಯಲ್ಲಿ ದೊಡ್ಡಮ್ಮನಿಗೆ ಹೇಳುವ ಹಾಗೆ ಹೇಳಿ ಅಂದೆ. ಹುಡುಗ ನಿಜಕ್ಕೂ ದೊಡ್ಡಮ್ಮನನ್ನು ಎದುರು ಕೂರಿಸಿಕೊಂಡೇ ರೆಕಾರ್ಡ್ ಮಾಡಿದ. ಅವರು ಮಧ್ಯೆ ‘ಅಂದ್ರೆ ಚಾಕುವಿನ ಕಬ್ಬಿಣ ಎಲ್ಲಿ ಹೋತು?’ ಅಂತ ಕೇಳಿದ್ದಾರೆ. ಅದನ್ನು ತೆಗೆಯಲಿಲ್ಲ. ಇಡೀ ವಿಡಿಯೊದಲ್ಲಿ ಅತ್ಯುತ್ತಮ ಪ್ರಶ್ನೆ ಅದೇ.

ಒಬ್ಬ ಹುಡುಗಿಗೆ ಈ ಔಷಧಿ ಎಲ್ಲಿಂದ ಬಂತು ಅಂತ ಕುತೂಹಲ. ಹುಡುಕಿದಳು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿ ಪಕ್ಕದ ದ್ರಾಕ್ಷಿಯನ್ನು ಹೋಗುವವರು ಬರುವವರು ಕಿತ್ತು ತಿನ್ನದಿರಲಿ ಅಂತ ಬೆಳೆಗಾರರು ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜು ರೋಗ ಬರದೇ ಇದ್ದದ್ದು ಮಿಲಾರ್ಡೆ ಅನ್ನುವ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿತ್ತು. ಅವರು ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಬರೆದವರು ಲೆಸ್ಲಿ ಕೋಲ್ಮನ್, ಕೆನಡಾದಿಂದ ಬಂದವರು. ಇದನ್ನು ಕೇಳಿ ಅಜ್ಜ, ‘ಕಳ್ಳರಿಗೆ ಅಂತ ಹೊಡೆದದ್ದು ರೋಗಕ್ಕೆ ತಾಗ್ತಾ?’ ಅಂದರು. ಇಷ್ಟು ವರ್ಷ ಕೈಯಾರೆ ಕಲಸಿದ್ದರ ಹಿಂದೆ ಇಂಥ ಕಥೆ ಇದೆ ಅಂತ ಅವರಿಗೆ ಹೇಳಿದ್ದು ಹೈಸ್ಕೂಲಿನ ಹುಡುಗಿ.

ನನಗೆ ನಿಜವಾಗಿ ಸಂತೋಷ ಆದದ್ದು ಆಮೇಲೆ. ವಿಡಿಯೊವನ್ನು ಯೂಟ್ಯೂಬ್‌ಗಿಂತ ಮೊದಲು ಊರಿನ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಕಳಿಸಿದೆವು. ಪ್ರಶ್ನೆ ಬರತೊಡಗಿದವು. ಚಿಪ್ಪು ಸುಣ್ಣ ಆದರೆ ಅಳತೆ ಎಷ್ಟು? ನಿನ್ನೆ ಮಾಡಿದ್ದನ್ನು ಇವತ್ತು ಹೊಡೆಯಬಹುದಾ? ಯಾವುದನ್ನು ಯಾವುದಕ್ಕೆ ಸುರಿಯಬೇಕು? ಮಕ್ಕಳಿಗೆ ಉತ್ತರ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋನ್ ಮಾಡಿ ಅವರೇ ಕೇಳಿದರು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಕಲಸಿದ್ದನ್ನು ಅವತ್ತೇ ಮುಗಿಸಬೇಕು ಅಂತ ತಿಳಿದುಕೊಂಡು ಎರಡನೇ ವಿಡಿಯೊ ಮಾಡಿದರು. ಮೊದಲನೆಯದಕ್ಕಿಂತ ಅದು ಎಷ್ಟೋ ಚೆನ್ನಾಗಿದೆ, ಯಾಕೆಂದರೆ ಅದನ್ನು ಯಾರಿಗೆ ಹೇಳುತ್ತಿದ್ದೇವೆ ಅಂತ ಅವರಿಗೆ ಗೊತ್ತಿತ್ತು. ಹೆಸರು ಹಿಡಿದು ಗೊತ್ತಿತ್ತು.

ಹಾಗಾಗಿ ನನ್ನ ಸಲಹೆ ಒಂದೇ. ‘ವೀಕ್ಷಕರೇ’ ಅನ್ನುವುದನ್ನು ಬಿಡಿಸಿ. ಕೇಳುವವರು ಯಾರು ಅಂತ ಮೊದಲು ಗೊತ್ತಾಗಲಿ. ಮಕ್ಕಳ ಮನೆಯಲ್ಲಿ, ಬೀದಿಯಲ್ಲಿ ಇರುವವರೇ ಆಗಲಿ. ಅವರು ತಿರುಗಿ ಪ್ರಶ್ನೆ ಕೇಳುವ ಹಾಗಿರಲಿ.

ಇನ್ನು ನಿಮ್ಮ ಬ್ಯಾಡಗಿ. ದೇಶಕ್ಕೆಲ್ಲ ಗೊತ್ತಿರುವ ಮೆಣಸಿನಕಾಯಿ, ನೋಡೋಕೆ ಕಡು ಕೆಂಪು, ಖಾರ ಮಾತ್ರ ಕಮ್ಮಿ. ಯಾಕೆ? ಅಲ್ಲಿಂದ ಶುರು ಮಾಡಿ. ಬಣ್ಣ ಬೇರೆ ವಸ್ತುವಿನದು, ಖಾರ ಬೇರೆ ವಸ್ತುವಿನದು. ಕೆಂಪು ಕ್ಯಾಪ್ಸಾಂತಿನ್‌ನಂಥ ವರ್ಣಕಗಳಿಂದ, ಖಾರ ಕ್ಯಾಪ್ಸೈಸಿನ್‌ನಿಂದ. ಒಂದು ಜಾಸ್ತಿ ಇದ್ದರೆ ಇನ್ನೊಂದೂ ಜಾಸ್ತಿ ಇರಬೇಕು ಅಂತೇನಿಲ್ಲ. ಎರಡು ಗಾಜಿನ ಲೋಟ ತಗೊಳ್ಳಿ. ಒಂದಕ್ಕೆ ನೀರು, ಒಂದಕ್ಕೆ ಅಡುಗೆ ಎಣ್ಣೆ. ಮನೆಯಲ್ಲೇ ಕುಟ್ಟಿದ ಪುಡಿ ಎರಡಕ್ಕೂ ಒಂದೊಂದು ಚಮಚ. ಎಣ್ಣೆ ಕೆಂಪಾಗುತ್ತಾ ಹೋಗುತ್ತದೆ, ನೀರಿಗೆ ಅಷ್ಟು ಬಣ್ಣ ಬಿಡುವುದಿಲ್ಲ. ಒಗ್ಗರಣೆಗೆ ಯಾಕೆ ಬಣ್ಣ ಬರುತ್ತದೆ ಅಂತ ಮಕ್ಕಳೇ ಹೇಳುತ್ತಾರೆ. ಖಾರವೂ ನೀರಿನಲ್ಲಿ ಸರಿಯಾಗಿ ಕರಗಲ್ಲ. ಅದಕ್ಕೇ ಬಾಯಿ ಉರಿದಾಗ ನೀರು ಕುಡಿದರೆ ಸಾಲದು, ಮೊಸರೋ ಹಾಲೋ ಬೇಕು. ಆಮೇಲೆ ಒಂದು ಕಾಯಿ ಸೀಳಿ ತೋರಿಸಲಿ. ಖಾರ ಬೀಜದಲ್ಲಿದೆ ಅಂತ ಎಲ್ಲರೂ ಹೇಳುತ್ತಾರೆ. ಜಾಸ್ತಿ ಇರುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಕೈಗವಸು ಹಾಕಿಸಿ, ಕಣ್ಣು ಮುಟ್ಟಿಕೊಂಡರೆ ಕಷ್ಟ.

ಅದೇ ನೀರಿನ ಲೋಟದಿಂದ ಇನ್ನೊಂದು ವಿಡಿಯೊ ಆಗುತ್ತದೆ. ಪುಡಿಯನ್ನು ನೀರಿನ ಮೇಲೆ ಉದುರಿಸಿದಾಗ ಬಣ್ಣ ಗೆರೆ ಗೆರೆಯಾಗಿ ಕೆಳಗೆ ಇಳಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣ ಸೇರಿಸಿದ್ದಾರೆ ಅಂತ ಅನುಮಾನ ಪಡಬೇಕು. ಮನೆಯಲ್ಲೇ ಕಲಬೆರಕೆ ನೋಡುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿರುವ ವಿಧಾನ ಇದು. ಆದರೆ ಒಂದು ಎಚ್ಚರಿಕೆ, ಯಾವ ಕಂಪನಿಯ ಪ್ಯಾಕೆಟ್ಟೂ, ಯಾವ ಅಂಗಡಿಯ ಬೋರ್ಡೂ ವಿಡಿಯೊದಲ್ಲಿ ಕಾಣಬಾರದು. ಲೋಟದ ಪರೀಕ್ಷೆ ಒಂದು ಸುಳಿವು ಮಾತ್ರ. ಅದರ ಮೇಲೆ ಯಾರನ್ನೂ ದೂರಲು ಆಗದು. ಈ ಮಾತನ್ನು ಮಕ್ಕಳೇ ವಿಡಿಯೊದಲ್ಲಿ ಹೇಳಲಿ. ಇಷ್ಟು ಗೊತ್ತು, ಇದಕ್ಕಿಂತ ಮುಂದೆ ಹೇಳೋಕೆ ಲ್ಯಾಬ್ ಬೇಕು ಅಂತ ಹೇಳುವುದು ಕೂಡ ವಿಜ್ಞಾನವೇ.

ಹೆಡ್‌ಮಾಸ್ಟರಿಗೆ ಹೇಳಿ, ನಮ್ಮ ಮಕ್ಕಳು ಆ ಪಾಠದ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಬಿಟ್ಟು ಬರುವುದಿಲ್ಲ. ಇದೇ ಕೆಲಸವನ್ನು ಸ್ವಲ್ಪ ಬೆಳೆಸಿದರೆ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಪ್ರಾಜೆಕ್ಟ್ ಆಗುತ್ತದೆ. ಹೊಸ ಐಡಿಯಾ ಹುಟ್ಟಿದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಹಾಕಬಹುದು, ಆಯ್ಕೆಯಾದರೆ 10,000 ರೂಪಾಯಿ ಬರುತ್ತದೆ.

ಭೀಮಾ ತೀರ ಬರೆದದ್ದು:

ನಮಸ್ಕಾರ್ರೀ ಟೀಚರ್. ಕಲಬುರಗಿ ಕಡೆಯಿಂದ ಬರೀತಿದ್ದೇನೆ, ನಾನೂ ಹೈಸ್ಕೂಲ್ ವಿಜ್ಞಾನ ಶಿಕ್ಷಕ. ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಫೋನ್ ಇರುವುದು ವಿಡಿಯೊ ಹಾಕೋಕೆ ಮಾತ್ರ ಅಲ್ಲ. ದೂರದ ಇನ್ನೊಂದು ಶಾಲೆಯ ಜೊತೆ ಒಂದೇ ಪ್ರಯೋಗ ಮಾಡೋಕೂ ಅದೇ ಬೇಕು.

ಶೂನ್ಯ ನೆರಳಿನ ದಿನ ಗೊತ್ತಲ್ರೀ? ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬಂದು, ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ನಮ್ಮಲ್ಲಿ ಅದು ಮೇ ಎರಡನೇ ವಾರದಲ್ಲಿ. ನಿಮ್ಮ ಬ್ಯಾಡಗಿಗೆ ಏಪ್ರಿಲ್ 30ರ ಆಸುಪಾಸು. ಆಗಸ್ಟಿನಲ್ಲಿ ಮೋಡ, ನಂಬೋಕಾಗಲ್ಲ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ, ಮಕ್ಕಳು ಮನೆಯಲ್ಲೇ ಇರುತ್ತಾರೆ, ಬಿಸಿಲಂತೂ ಇದ್ದೇ ಇದೆ.

ನಾವು ಬೆಂಗಳೂರಿನ ಒಂದು ಶಾಲೆಯ ಮಕ್ಕಳ ಜೊತೆ ಸೇರಿ ಮಾಡಿದೆವು. ಏಪ್ರಿಲ್ 24ರಂದು ಅವರ ಕೋಲಿಗೆ ನೆರಳಿಲ್ಲ. ಅವತ್ತೇ ನಮ್ಮ 1 ಮೀಟರ್ ಕೋಲಿಗೆ ನಡು ಮಧ್ಯಾಹ್ನ ಸುಮಾರು ಏಳೂವರೆ ಸೆಂಟಿಮೀಟರ್ ನೆರಳು. ನಡು ಮಧ್ಯಾಹ್ನ ಅಂದರೆ ಗಡಿಯಾರದ 12 ಅಲ್ಲ. ನಮ್ಮಲ್ಲಿ 12:20ರ ಸುಮಾರಿಗೆ ನೆರಳು ಎಲ್ಲಕ್ಕಿಂತ ಗಿಡ್ಡ ಆಗುತ್ತದೆ. ಅದಕ್ಕೇ 12ರಿಂದಲೇ ಐದೈದು ನಿಮಿಷಕ್ಕೆ ಒಂದು ಫೋಟೊ ತೆಗೆದು ಗುಂಪಿಗೆ ಹಾಕುತ್ತಾ ಹೋದರು. ಆ ಏಳೂವರೆ ಸೆಂಟಿಮೀಟರಿನಿಂದ ಕೋನ ಸುಮಾರು 4.3 ಡಿಗ್ರಿ ಬರುತ್ತದೆ. ಭೂಮಿಯ ನಡುವಿನಿಂದ ನೋಡಿದರೆ ಉತ್ತರ–ದಕ್ಷಿಣವಾಗಿ ಎರಡೂ ಊರುಗಳ ನಡುವೆ ಇರುವ ಕೋನವೂ ಅದೇ. ಬೆಂಗಳೂರಿಗೂ ನಮಗೂ ಉತ್ತರ–ದಕ್ಷಿಣ ದೂರ 485 ಕಿ.ಮೀ. ಹತ್ತಿರ. ರಸ್ತೆ ದೂರ ತಗೋಬಾರದು, ನಕಾಶೆಯ ಮೇಲೆ ನೇರ ಅಳೆಯಬೇಕು. 4.3 ಡಿಗ್ರಿಗೆ ಇಷ್ಟು ದೂರ ಆದರೆ 360 ಡಿಗ್ರಿಗೆ ಎಷ್ಟು ಅಂತ ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ 40,000 ಕಿ.ಮೀ. ಆಸುಪಾಸು ಬರುತ್ತದೆ. 2,200 ವರ್ಷದ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ್ದೂ ಇದನ್ನೇ. ಅವನ ಹತ್ತಿರ ವಾಟ್ಸಾಪ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಮಕ್ಕಳಲ್ಲಿ ಒಬ್ಬೊಬ್ಬರ ಅಳತೆ ಒಂದೊಂದು ಥರ ಬಂತು. ನೆರಳಿನ ತುದಿ ಗೆರೆ ಎಳೆದ ಹಾಗೆ ಇರುವುದಿಲ್ಲ, ಮಬ್ಬಾಗಿರುತ್ತದೆ. ಅರ್ಧ ಸೆಂಟಿಮೀಟರ್ ಜಾಸ್ತಿ ಅಳೆದರೆ ಭೂಮಿ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಚಿಕ್ಕದಾಗುತ್ತದೆ. ಕೆಲವರು ಸರಿಯಾದ ಉತ್ತರ ನೋಡಿ ಅಳತೆ ತಿದ್ದೋಣ ಅಂದರು. ನಾನು ಬೇಡ ಅಂದೆ. ಎಲ್ಲರ ಅಳತೆಯನ್ನೂ ವಿಡಿಯೊದಲ್ಲಿ ಸಾಲಾಗಿ ಹಾಕಿ, ಯಾಕೆ ಬೇರೆ ಬೇರೆ ಬಂತು ಅಂತ ಅವರೇ ಹೇಳಿದರು. ವಿಡಿಯೊದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆ ಭಾಗ.

ಮುಂದಿನ ಏಪ್ರಿಲ್‌ಗೆ ನಿಮ್ಮ ಮಕ್ಕಳು ಬರ್ತಾರಾ? ನಿಮ್ಮಲ್ಲಿ ನೆರಳಿಲ್ಲದ ದಿನ ನಮ್ಮ ಕೋಲಿಗೆ ನಾಲ್ಕೂವರೆ ಸೆಂಟಿಮೀಟರ್ ಇರುತ್ತದೆ.

ಬಿಎಸ್ಸಿ ಎರಡನೇ ವರ್ಷ ಬರೆದದ್ದು:

ಮೇಡಂ, ನಾನು ಹೈಸ್ಕೂಲಿನಲ್ಲಿದ್ದಾಗ ಇಂಥ ವಿಡಿಯೊ ಮಾಡಿದವಳು. ಮುಖದ ವಿಷಯಕ್ಕೆ ಮೊದಲು. ದಯವಿಟ್ಟು ಮುಖ ಬೇಡ. ನನ್ನ ಮುಖ ಇದ್ದ ವಿಡಿಯೊದ ಕೆಳಗೆ ವಿಜ್ಞಾನದ ಬಗ್ಗೆ ಒಂದು ಮಾತೂ ಇರಲಿಲ್ಲ. ಬಣ್ಣ, ಜಡೆ, ದನಿ, ಇವೇ. ಆಮೇಲೆ ಬರೀ ಕೈ ಮತ್ತು ದನಿ ಇಟ್ಟು ಮಾಡಿದೆ. ಜನ ಪ್ರಶ್ನೆ ಕೇಳತೊಡಗಿದರು. ಯೂನಿಫಾರ್ಮಿನ ಮೇಲಿನ ಬ್ಯಾಡ್ಜ್, ನೋಟ್‌ಬುಕ್ ಮೇಲಿನ ಹೆಸರು, ಶಾಲೆಯ ಬೋರ್ಡು ಕೂಡ ಫ್ರೇಮಿನಲ್ಲಿ ಬರದ ಹಾಗೆ ನೋಡಿಕೊಳ್ಳಿ. ಕಮೆಂಟ್‌ಗಳನ್ನು ಶಿಕ್ಷಕರು ನೋಡಿ ಒಪ್ಪಿದ ಮೇಲೆ ಮಾತ್ರ ಕಾಣಿಸುವ ಹಾಗೆ ಸೆಟ್ಟಿಂಗ್ ಇದೆ, ಅದನ್ನು ಹಾಕಿಬಿಡಿ.

ಕ್ಯಾಮೆರಾ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಜನ ಸಹಿಸಿಕೊಳ್ಳುತ್ತಾರೆ. ದನಿ ಸರಿ ಇಲ್ಲದಿದ್ದರೆ ಸಹಿಸುವುದಿಲ್ಲ. ವೈರ್ ಇರುವ ಇಯರ್‌ಫೋನಿನ ಮೈಕನ್ನು ಕಾಲರಿಗೆ ಪಿನ್ ಮಾಡಿದರೆ ಸಾಕು. ಶೀಟಿನ ಸೂರು ಇದ್ದರೆ ಮಳೆ ಬರುವಾಗ ರೆಕಾರ್ಡ್ ಮಾಡೋಕೇ ಹೋಗಬೇಡಿ. ಖಾಲಿ ಕ್ಲಾಸ್‌ರೂಮ್ ಗಂವ್ ಅನ್ನುತ್ತದೆ. ನಾನು ಹಾಸಿಗೆ, ಕಂಬಳಿ ಮಡಚಿಟ್ಟ ಕೋಣೆಯಲ್ಲಿ ಕೂತು ದನಿ ಮಾತ್ರ ಬೇರೆ ರೆಕಾರ್ಡ್ ಮಾಡುತ್ತಿದ್ದೆ. ಫೋನ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ವಿಡಿಯೊ ಗುಣಮಟ್ಟ 720p ಇಟ್ಟು ಶೂಟ್ ಮಾಡಿ, ಮೊಬೈಲಿನಲ್ಲಿ ನೋಡೋಕೆ ಅಷ್ಟು ಸಾಕು, ಫೋನೂ ತುಂಬಲ್ಲ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಮಸುಕು ಮಾಡುತ್ತದೆ. ಸಿನಿಮಾ ಹಾಡು ಹಾಕಬೇಡಿ. ಚಿತ್ರ ಬೇಕಾದರೆ ವಿಕಿಮೀಡಿಯಾ ಕಾಮನ್ಸ್ ಅನ್ನುವ ಉಚಿತ ಚಿತ್ರಗಳ ತಾಣದಲ್ಲಿ ಹುಡುಕಿ, ತೆಗೆದವರ ಹೆಸರು ಹಾಕಿ. ಕೆಳಗೆ ಕನ್ನಡದಲ್ಲಿ ಅಕ್ಷರ ಹಾಕಿದರೆ ಒಳ್ಳೆಯದು, ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರೇ ಜಾಸ್ತಿ.

ನಾನು ಮಾಡಿದ್ದರಲ್ಲಿ ನನಗೆ ಪ್ರೀತಿಯದ್ದು ಒನಕೆ ವಿಡಿಯೊ. ಗ್ರಹಣದ ದಿನ ತಟ್ಟೆಯ ನೀರಿನಲ್ಲಿ ಒನಕೆ ತಾನೇ ನೆಟ್ಟಗೆ ನಿಲ್ಲುತ್ತದೆ, ಗ್ರಹಣ ಬಿಟ್ಟ ಮೇಲೆ ಬೀಳುತ್ತದೆ ಅಂತ ನಮ್ಮೂರಲ್ಲಿ ಹೇಳುತ್ತಾರೆ. ನಾನು ಗ್ರಹಣ ಇಲ್ಲದ ಒಂದು ಮಂಗಳವಾರ ನಮ್ಮಜ್ಜಿ ಕೈಯಲ್ಲೇ ನಿಲ್ಲಿಸಿದೆ. ಒನಕೆಯ ಬುಡ ಚಪ್ಪಟೆ, ಭಾರ ನೇರ ಬುಡದ ಮೇಲೆ ಬಿದ್ದರೆ ಯಾವಾಗ ಬೇಕಾದರೂ ನಿಲ್ಲುತ್ತದೆ. ಪಕ್ಕದಲ್ಲಿ ಅವತ್ತಿನ ಪೇಪರ್ ಇಟ್ಟು ತಾರೀಖು ತೋರಿಸಿದೆ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ ಅದೇ ಹಳೇ ವಿಡಿಯೊವನ್ನು ಅಜ್ಜಿ ತಾವೇ ನೆಂಟರಿಗೆಲ್ಲ ಕಳಿಸಿದರು. ನಂಬಿದವರನ್ನು ನಾನು ಎಲ್ಲೂ ಹಂಗಿಸಿಲ್ಲ. ನೀವೂ ನಿಲ್ಲಿಸಿ ನೋಡಿ ಅಂದಿದ್ದೆ, ಅಷ್ಟೇ. ಹಂಗಿಸಿದ್ದರೆ ಅಜ್ಜಿ ಕಳಿಸುತ್ತಲೇ ಇರಲಿಲ್ಲ.

ಬ್ಯಾಡಗಿ ಕಡೆಯ ಟೀಚರ್ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತೇ ಸ್ಟಾಫ್ ರೂಮಿನಲ್ಲಿ ಎರಡು ಲೋಟದ ಪ್ರಯೋಗ ಮಾಡಿದೆ. ಎಣ್ಣೆಯ ಲೋಟ ನೋಡಿ ಹಿಂದಿ ಟೀಚರೂ ಬಂದು ಕೂತರು. ಆ ಹುಡುಗಿಗೆ ಹೇಳಿದೆ, ನಿಮ್ಮಮ್ಮ ಸದ್ದು ಕೇಳಿ ಆರಿಸುತ್ತಾರಲ್ಲ, ಅದನ್ನೇ ಮಾಡೋಣ ಅಂತ. ‘ಅದು ವಿಜ್ಞಾನನಾ ಟೀಚರ್?’ ಅಂದಳು. ಒಳಗೆ ತೇವ ಇದ್ದರೆ ಬೀಜ ಅಂಟಿಕೊಂಡಿರುತ್ತದೆ, ಒಣಗಿದರೆ ಬಿಟ್ಟುಕೊಂಡು ಗಲಗಲ ಅನ್ನುತ್ತದೆ. ಹಾಗಾದರೆ ತೂಕ ಮಾಡಿ ನೋಡಬಹುದಲ್ವಾ ಅಂದೆ. ಈಗ ಅವಳೇ ತಕ್ಕಡಿ ಹುಡುಕುತ್ತಿದ್ದಾಳೆ. ಬಿಸಿಲಿಗೆ ಹಾಕುವ ಮೊದಲು, ಆಮೇಲೆ, ದಿನಾ ತೂಗುತ್ತಾಳಂತೆ. ಭೀಮಾ ತೀರ ಸರ್, ಏಪ್ರಿಲ್‌ಗೆ ನಾವು ಖಂಡಿತ ಬರುತ್ತೇವೆ.

ಇನ್ನೆರಡು ಕೇಳಬೇಕು. ಮಕ್ಕಳು ಮಾತನ್ನು ಎಐ ಹತ್ತಿರ ಬರೆಸಿಕೊಂಡು ಬಂದರೆ ಏನು ಮಾಡುತ್ತೀರಿ? ಮತ್ತೆ ಮುಂದಿನ ವಾರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಇದೆ. ಪೋಷಕರಿಂದ ಒಪ್ಪಿಗೆ ಪತ್ರ ತಗೋಬೇಕು. ಮಾದರಿ ಇದ್ದರೆ ಕೊಡಿ.

ಶಿರಸಿ ಮೇಷ್ಟ್ರು ಬರೆದದ್ದು:

ತಕ್ಕಡಿ ಹುಡುಕುತ್ತಿದ್ದಾಳೆ ಅಂದರೆ ಅರ್ಧ ಕೆಲಸ ಆಯಿತು ಟೀಚರ್. ಗ್ರಾಂ ತೋರಿಸುವ ಅಡುಗೆ ತಕ್ಕಡಿ ಆದರೆ ಒಳ್ಳೆಯದು. ಒಂದೊಂದೇ ಕಾಯಿ ತೂಗಿದರೆ ವ್ಯತ್ಯಾಸ ಗೊತ್ತಾಗಲ್ಲ, ಒಂದು ಬುಟ್ಟಿ ಕಾಯಿಯನ್ನು ಒಟ್ಟಿಗೆ ತೂಗಲಿ. ಅಮ್ಮ ಕಣ್ಣು ಮುಚ್ಚಿಕೊಂಡು ಸದ್ದಿನಿಂದ ಆರಿಸಲಿ, ಮಗಳು ಸೀಳಿ ನೋಡಿ ಎಷ್ಟು ಸರಿ ಬಂತು ಅಂತ ಬರೆದುಕೊಳ್ಳಲಿ.

ಎಐ ಬಗ್ಗೆ: ಬರೆಸಿಕೊಂಡು ಬಂದರೆ ನಾನು ಬೈಯುವುದಿಲ್ಲ. ಕಾಗದ ತಗೊಂಡು, ‘ಈಗ ಇದನ್ನು ನೋಡದೆ ಹೇಳು’ ಅನ್ನುತ್ತೇನೆ. ತನ್ನದಲ್ಲದ ಮಾತು ನಾಲಿಗೆಗೆ ಹತ್ತುವುದಿಲ್ಲ. ಅದರಲ್ಲಿ ಬಂದ ಪ್ರತಿ ಅಂಕಿಯನ್ನೂ, ಇಸವಿಯನ್ನೂ ಪಠ್ಯಪುಸ್ತಕದಲ್ಲೋ ಲೈಬ್ರರಿಯಲ್ಲೋ ಹುಡುಕಿ ಟಿಕ್ ಹಾಕಬೇಕು ಅಂತ ನಿಯಮ ಇದೆ. ಸಿಗದೇ ಇದ್ದದ್ದು ವಿಡಿಯೊಗೆ ಹೋಗುವುದಿಲ್ಲ.

ಚಾನೆಲ್ ನಿಮ್ಮ ಹೆಸರಿನ ಖಾತೆಯಲ್ಲೇ ಇರಲಿ, ದಾವಣಗೆರೆಯವರು ಹೇಳಿದ್ದು ಸರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ 18 ತುಂಬದವರೆಲ್ಲ ಮಕ್ಕಳೇ, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು. ನಾವು ಬಳಸುವ ಪತ್ರ ಇದು. ಸಭೆಯಲ್ಲಿ ಜೋರಾಗಿ ಓದಿ ಹೇಳಿ, ಓದಲು ಬಾರದವರೂ ಇರುತ್ತಾರೆ. ಮಾಡಿರುವ ಒಂದು ವಿಡಿಯೊ ತೋರಿಸಿ, ಆಮೇಲೆ ಸಹಿ ಕೇಳಿ.

‘ನನ್ನ ಮಗ / ಮಗಳು ಶಾಲೆಯ ವಿಜ್ಞಾನದ ವಿಡಿಯೊ ಕೆಲಸದಲ್ಲಿ ಸೇರಲು ನನ್ನ ಒಪ್ಪಿಗೆ ಇದೆ. ವಿಡಿಯೊದಲ್ಲಿ ಮಗುವಿನ ಕೈ ಮತ್ತು ದನಿ ಮಾತ್ರ ಇರುತ್ತದೆ. ಮುಖ, ಹೆಸರು, ಊರು, ಶಾಲೆಯ ಹೆಸರು ಇರುವುದಿಲ್ಲ. ಚಾನೆಲ್ ಶಿಕ್ಷಕರ ಕೈಯಲ್ಲಿರುತ್ತದೆ. ಹಾಕುವ ಮೊದಲು ವಿಡಿಯೊವನ್ನು ನನಗೆ ತೋರಿಸುತ್ತಾರೆ. ನಮ್ಮ ಮನೆಯಲ್ಲಿ, ಹೊಲದಲ್ಲಿ ಚಿತ್ರ ತೆಗೆಯುವ ಮೊದಲು ಕೇಳುತ್ತಾರೆ. ಬೇಡ ಅನಿಸಿದ ದಿನ ನಾನು ಅಥವಾ ನನ್ನ ಮಗು ಹೇಳಿದರೆ, ಕಾರಣ ಕೇಳದೆ ವಿಡಿಯೊ ತೆಗೆಯುತ್ತಾರೆ.’

ಕೆಳಗೆ ಪೋಷಕರ ಸಹಿಗೆ ಒಂದು ಜಾಗ, ಮಗುವಿನ ಸಹಿಗೆ ಒಂದು ಜಾಗ. ಮಗುವಿನ ಸಹಿ ಯಾವ ಕಾನೂನಿಗೂ ಬೇಕಿಲ್ಲ, ಆದರೂ ನಾವು ತಗೊಳ್ಳುತ್ತೇವೆ. ನಿಮ್ಮ ಕಡೆ ಇನ್ನೇನಾದರೂ ಸೇರಿಸಬೇಕು ಅನಿಸಿದರೆ ಸೇರಿಸಿಕೊಳ್ಳಿ, ಇಲ್ಲೂ ಹಾಕಿ. ನಾವೂ ಮುಂದಿನ ವರ್ಷದ ಪತ್ರದಲ್ಲಿ ಬಳಸುತ್ತೇವೆ.